ಒಂಬತ್ತು ಕ್ಯಾಮೆರಾದ ಮುಂದೆ ಹೊನ್ನಕ್ಕ

ಮೂರ್ತಪ್ಪ ಮೇಷ್ಟ್ರು ಭರಮಸಾಗರದ ನಮ್ಮಣ್ಣನ ಮನೆಗೆ ಹೆಣ್ಣು ನೋಡಲು ಬಂದಾಗ ಮೊದಲು ನೋಡಿದ್ದು ನನ್ನ ಕಾಲನ್ನು. ನೀರಿನ ಚೊಂಬು ಇಟ್ಟು ನಾನು ತಿರುಗುವಷ್ಟರಲ್ಲೇ, "ನಿಮ್ಮ ಬಲಗಾಲು ಹೊರಕ್ಕೆ ಬೀಳ್ತದೆ ತಾಯಿ, ಹಿಂಗೇ ನಡೆದ್ರೆ ಮುಂದೆ ಮಂಡಿ ಹೋಗ್ತದೆ," ಅಂದರು. ನಾನು ಹೊಸದುರ್ಗದ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸು. ಗಂಗಕ್ಕ ಅಂದರೆ ಡಾಕ್ಟರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಬಂದ ಬಾಗಿಲಲ್ಲೇ ನನ್ನ ಕಾಲಿನ ಜಾತಕ ಹೇಳಲು ಈ ಮನುಷ್ಯ ಯಾರು? ಸರಿಯಾಗಿ ಮಂಗಳಾರತಿ ಎತ್ತಬೇಕು ಅಂದುಕೊಂಡೆ. ಅಣ್ಣ ಹಿಂದಿನಿಂದ ನನ್ನ ಸೆರಗು ಜಗ್ಗಿದ, ಸುಮ್ಮನಾದೆ.

ಮೇಷ್ಟ್ರು ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ರಿಟೈರ್ ಆದವರು. ಡ್ರಿಲ್ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಎಪ್ಪತ್ತಾರನೇ ಇಸವಿ ಅದು, ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆಲ್ಲ ಶಿಸ್ತಿನ ಮಾತು ಬರೆಸಿದ್ದ ಕಾಲ. ಮೇಷ್ಟ್ರು ಆ ಗೋಡೆಗಳನ್ನು ತಾವೇ ಕಟ್ಟಿಸಿದವರಂತೆ ಓಡಾಡುತ್ತಿದ್ದರು. ಕೈಯಲ್ಲಿ ಬೆತ್ತ, ಕೊರಳಲ್ಲಿ ಸೀಟಿ. ಹೆಣ್ಣು ನೋಡಲು ಬರುವವರು ಸೀಟಿ ಹಾಕಿಕೊಂಡು ಬಂದದ್ದನ್ನು ನಾನು ಅದೇ ಮೊದಲು ಕಂಡದ್ದು. ಮಗ ದಾಸಣ್ಣ, ಸೊಸೈಟಿಯಲ್ಲಿ ಗುಮಾಸ್ತ, ಅಪ್ಪನ ಪಕ್ಕದಲ್ಲಿ ಮಂಡಿಗೆ ಮಂಡಿ ಅಂಟಿಸಿಕೊಂಡು ಕೂತಿದ್ದ. ನೋಡಲು ಲಕ್ಷಣವಾಗಿದ್ದ, ಸುಳ್ಳು ಯಾಕೆ ಹೇಳಲಿ.

ಹುಡುಗಿ ಹೊನ್ನಕ್ಕ, ನಮ್ಮಣ್ಣ ಚಿಕ್ಕತಿಮ್ಮಪ್ಪನ ಒಬ್ಬಳೇ ಮಗಳು, ಊರಿನ ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಚಿಕ್ಕವಳಿದ್ದಾಗ ಕೆರೆ ಏರಿಯಿಂದ ಬಿದ್ದು ಎಡಗಾಲು ಮುರಿಯಿತು. ಆಸ್ಪತ್ರೆಗೆ ಕರೆದುಕೊಂಡು ಬಾ ಎಂದು ನಾನು ಬಡಕೊಂಡೆ. ಅಣ್ಣ ಕಿವಿ ಮೇಲೆ ಹಾಕಿಕೊಳ್ಳದೆ ಹಿರಿಯೂರಿನ ಕಡೆ ಮೂಳೆ ಕಟ್ಟುವವನೊಬ್ಬನ ಹತ್ತಿರ ಹೋದ. ಅವನು ಬಿದಿರು ದಬ್ಬೆ ಇಟ್ಟು ಕಟ್ಟಿದ. ಮೂಳೆ ಕೂಡಿತು, ಕಾಲು ಒಂದು ಬೆರಳಷ್ಟು ಗಿಡ್ಡವಾಯಿತು. ಅವತ್ತಿನಿಂದ ಹೊನ್ನಕ್ಕ ನಡೆದರೆ ಎಡಕ್ಕೆ ಒಂದು ಸಣ್ಣ ಜೋಲಿ. ಅವಳ ಕ್ಲಾಸಿನ ಮಕ್ಕಳು ನೀರು ಕುಡಿಯಲು ಸಾಲಾಗಿ ಹೋಗುವಾಗ ಟೀಚರ ಹಾಗೇ ಜೋಲಿ ಹೊಡೆಯುತ್ತ ಹೋಗುತ್ತವೆ, ಅವಳು ತಿರುಗಿ ನೋಡಿ ನಗುತ್ತಾಳೆ. ಊರಿನವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಬೀಳುವುದು ನಮ್ಮಣ್ಣನಿಗೆ ಮಾತ್ರ.

ನಮ್ಮ ಕಡೆ ಹೆಣ್ಣು ನೋಡುವಾಗ ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಒಳಗಿನಿಂದ ನಡೆದು ಬರಬೇಕು. ತಟ್ಟೆ ಬರೀ ನೆಪ, ನೋಡುವುದು ನಡಿಗೆಯನ್ನು. ಸಂತೆಯಲ್ಲಿ ಎಮ್ಮೆ ಕೊಳ್ಳುವವರೂ ಅಷ್ಟು ಹೊತ್ತು ನೋಡುವುದಿಲ್ಲ. ಅದಕ್ಕೆ ಅಣ್ಣ ಒಂದು ಉಪಾಯ ಹೂಡಿದ್ದ. ಬಂದವರು ಹೊಸಿಲು ದಾಟುವ ಮೊದಲೇ ಮಗಳನ್ನು ಚಾಪೆಯ ಮೇಲೆ ಕೂರಿಸಿ, ಸೀರೆ ಹರಡಿ, ಕೈಗೆ ಕಸೂತಿ ಕೊಟ್ಟುಬಿಡುತ್ತಿದ್ದ. ತಟ್ಟೆ ತರುವ ಕೆಲಸ ಅತ್ತಿಗೆ ಮಲ್ಲಕ್ಕನದು. ಆದರೂ ಎರಡು ಸಂಬಂಧ ಮುರಿದುಬಿದ್ದಿದ್ದವು. ಒಂದು ಸಲವಂತೂ ಬಂದವರ ಮನೆಯ ಮುದುಕಿ ಎದ್ದು ಬಂದು, ಹುಡುಗಿಯ ನೆರಿಗೆ ಎತ್ತಿ ಪಾದ ಹಿಸುಕಿ ನೋಡಿದಳು. ಆ ದಿನ ಹೊನ್ನಕ್ಕ ಊಟಕ್ಕೆ ಏಳಲಿಲ್ಲ.

"ಅತ್ತೆ, ನನ್ನ ನಡೆಯಾಕೆ ಬಿಡು ಅಂತ ಅಪ್ಪಂಗೆ ಹೇಳು," ಅಂದಳು. "ನಡೆದಿದ್ದು ನೋಡಿ ಬ್ಯಾಡ ಅಂದ್ರೆ ಅನ್ಲಿ. ಕುಂತಿದ್ದೋಳನ್ನ ಒಪ್ಪಿ, ಎದ್ದ ದಿನ ಬೈಯೋ ಗಂಡ ನಂಗೆ ಬ್ಯಾಡ."

ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ನಡಿಗೆ ನೋಡಿ ಹೂಂ ಅನ್ನುವ ಒಬ್ಬ. ಅಷ್ಟೂ ಸಿಗದ ಹಾಗೆ ಅವಳಪ್ಪನೇ ಅಡ್ಡ ಕೂತಿದ್ದ.

ಮೇಷ್ಟ್ರು ಬಂದ ದಿನವೂ ಅದೇ ಚಾಪೆ, ಅದೇ ಕಸೂತಿ. ಆದರೆ ಮೇಷ್ಟ್ರು ಉಪ್ಪಿಟ್ಟು ಮುಟ್ಟಲಿಲ್ಲ. "ಹುಡುಗೀನ ನಡೆಸಿ ನೋಡೋದು ಹಳೇ ಪದ್ಧತಿ ಚಿಕ್ಕತಿಮ್ಮಪ್ಪನೋರೇ," ಅಂದರು.

ಅಣ್ಣನ ಮುಖ ಅರಳಿತು. "ಹೌದ್ರೀ, ಹೌದ್ರೀ! ನಾನೂ ಅದೇ ಹೇಳೋದು!"

"ಕಣ್ಣು ಮೋಸ ಮಾಡ್ತದೆ. ಕ್ಯಾಮೆರಾ ಮೋಸ ಮಾಡಲ್ಲ. ನಾನು ಒಂಬತ್ತು ಕ್ಯಾಮೆರಾ ಸಾಲಾಗಿಟ್ಟು ನಡಿಗೇನ ಫೋಟೋ ತೆಗೆಸಿ ನೋಡ್ತೀನಿ."

ಅಣ್ಣನ ಮುಖ ಅರಳಿದ ಹಾಗೇ ಗಟ್ಟಿಯಾಯಿತು.

ಮೇಷ್ಟ್ರು ಚೀಲದಿಂದ ಕೆಂಪು ವಸ್ತ್ರದಲ್ಲಿ ಸುತ್ತಿದ್ದ ದಪ್ಪ ಪುಸ್ತಕ ತೆಗೆದು ಕಣ್ಣಿಗೊತ್ತಿಕೊಂಡರು. ಮದ್ರಾಸಿಗೆ ಡ್ರಿಲ್ ಕಲಿಯಲು ಹೋಗಿದ್ದಾಗ ಫುಟ್‌ಪಾತಿನಲ್ಲಿ ಸಿಕ್ಕಿದ್ದಂತೆ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಒಬ್ಬ ಗಡ್ಡದ ದೊರೆ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ಅಡ್ಡಡ್ಡ ದಾರ ಕಟ್ಟಿ, ಕುದುರೆ ಓಡಿಸಿದನಂತೆ. ಕುದುರೆಯ ಎದೆ ದಾರಕ್ಕೆ ತಾಕಿದ ಹಾಗೆಲ್ಲ ಒಂದೊಂದು ಫೋಟೋ. ಓಡುವ ಕುದುರೆಯ ನಾಲ್ಕು ಕಾಲೂ ಒಂದು ಗಳಿಗೆ ನೆಲ ಬಿಟ್ಟಿರುತ್ತವೆ ಎಂದು ಲೋಕಕ್ಕೆ ಗೊತ್ತಾದದ್ದು ಹಾಗಂತೆ. ಆಮೇಲೆ ದೊರೆ ಕುದುರೆ ಬಿಟ್ಟು ಮನುಷ್ಯರ ಬೆನ್ನಿಗೆ ಬಿದ್ದ. ನಡೆಯುವ ಗಂಡಸು, ಮೆಟ್ಟಿಲಿಳಿಯುವ ಹೆಂಗಸು, ಕೊಡ ಎತ್ತುವವಳು, ಎಲ್ಲರೂ ಹೆಜ್ಜೆ ಹೆಜ್ಜೆಗೂ ಒಂದು ಚಿತ್ರವಾಗಿ ಪುಟದ ತುಂಬ ಸಾಲುಗಟ್ಟಿದ್ದರು.

ಗಂಡಸರೆಲ್ಲ ಕರೀ ಚಡ್ಡಿ ಹಾಕಿದ್ದರು, ಹೆಂಗಸರು ಸೀರೆ ಉಟ್ಟಿದ್ದರು. ಅಮೆರಿಕದಲ್ಲಿ ಸೀರೆಯೇ? ಬಗ್ಗಿ ನೋಡಿದೆ. ಎಲ್ಲ ಇಂಕಿನ ಬಟ್ಟೆ! ದೊರೆ ಹುಟ್ಟುಡುಗೆಯಲ್ಲಿ ನಿಲ್ಲಿಸಿದವರಿಗೆಲ್ಲ ನಮ್ಮ ಮೇಷ್ಟ್ರು ಹೊಳಲ್ಕೆರೆಯಲ್ಲಿ ಕೂತು ಪೆನ್ನಿನಿಂದ ಮಾನ ಮುಚ್ಚಿದ್ದರು. ಒಬ್ಬಳ ಸೆರಗಿಗೆ ಅಂಚೂ ಬಿಡಿಸಿದ್ದರು.

"ಇಷ್ಟು ಜನಕ್ಕೆ ಬಟ್ಟೆ ತೊಡಿಸಾಕೆ ಬಾಳ ದಿನ ಹಿಡಿದಿರಬೇಕಲ್ರೀ ಮೇಷ್ಟ್ರೇ," ಅಂದೆ.

"ವಿಜ್ಞಾನಕ್ಕೂ ಮರ್ಯಾದೆ ಇರಬೇಕು ತಾಯಿ," ಅಂದರು, ನಗದೆ. ದಾಸಣ್ಣನ ತುಟಿ ಸ್ವಲ್ಪ ಅಲುಗಿತು. ಅಪ್ಪ ಕತ್ತು ತಿರುಗಿಸಿದ ಕೂಡಲೇ ಅದೂ ನಿಂತಿತು.

ಅವರು ಹೋದ ಮೇಲೆ ಅಣ್ಣ ಕಂಬಕ್ಕೆ ಒರಗಿ ಕುಸಿದ. "ಮುಗೀತು. ಒಂದು ಕಣ್ಣು ತಪ್ಪಿಸಬೋದು. ಒಂಬತ್ತು ಕ್ಯಾಮೆರಾ ಹೆಂಗೆ ತಪ್ಪಿಸ್ಲಿ?"

"ತೆಗೀಲಿ ಬಿಡಪ್ಪ," ಅಂದಳು ಹೊನ್ನಕ್ಕ. "ಅಷ್ಟು ಕ್ಯಾಮೆರಾ ನೋಡಿದ್ಮೇಲೆ ಯಾರೂ ನನ್ನ ನೆರಿಗೆ ಎತ್ತಂಗಿಲ್ಲ."

ಅಣ್ಣ ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. ದಾವಣಗೆರೆಗೆ ಹೋಗಿ, ಎಡಗಾಲಿನದಕ್ಕೆ ಮಾತ್ರ ದಪ್ಪ ಅಟ್ಟೆ ಹಾಕಿಸಿದ ಒಂದು ಜೊತೆ ಚಪ್ಪಲಿ ತಂದ. ಮನೆಯೊಳಗೆ ಅದನ್ನು ಮೆಟ್ಟಿಸಿ ಅಡುಗೆಮನೆಯಿಂದ ಪಡಸಾಲೆಗೆ ನಡೆಸಿ ನಡೆಸಿ ನೋಡಿದ. ಸಂತೆ ದಲ್ಲಾಳಿ, ಥೂ.

ಫೋಟೋ ತೆಗೆದದ್ದು ಚಿತ್ರದುರ್ಗದಲ್ಲಿ, ಉಸ್ಮಾನ್ ಸಾಬರ ಸ್ಟುಡಿಯೋ ಹಿಂದಿನ ಅಂಗಳದಲ್ಲಿ. ಮೇಷ್ಟ್ರು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಅಂತ ಊರೂರು ತಿರುಗಿ ಡಬ್ಬಿ ಕ್ಯಾಮೆರಾಗಳನ್ನು ಕಾಡಿ ಬೇಡಿ ತಂದಿದ್ದರು. ಯಾರದ್ದೋ ಹೋಟೆಲಿನ ಬೆಂಚುಗಳ ಮೇಲೆ ಒಂಬತ್ತೂ ಕೂತಿದ್ದವು. ಒಂದೊಂದರ ಗುಂಡಿಗೂ ಹೊಲಿಗೆ ದಾರ ಕಟ್ಟಿ, ಮೊಣಕಾಲೆತ್ತರಕ್ಕೆ ಅಡ್ಡ ಬಿಗಿದು, ಎದುರು ಬದಿಯ ಗೂಟಕ್ಕೆ ಸಿಕ್ಕಿಸಿದ್ದರು. ಗೂಟಗಳ ಹಿಂದೆ ಬಿಳೀ ಪಂಚೆಯ ಪರದೆ, ಅದರ ಮೇಲೆ ಮಸಿಯಲ್ಲಿ ಉದ್ದುದ್ದ ಗೆರೆ.

ಮೊದಲು ಪರೀಕ್ಷೆಗೆ ದಾಸಣ್ಣ ನಡೆಯಬೇಕು ಎಂದು ಮೇಷ್ಟ್ರ ಅಪ್ಪಣೆ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಫೋಟೋ ಅಂದರೆ ಅಲುಗಾಡದೆ ನಿಲ್ಲುವುದು. ಮದುವೆ ಗಂಡು ಹೆಣ್ಣು ಕಲ್ಲಿನ ಹಾಗೆ ನಿಲ್ಲುತ್ತಾರೆ, ತೊಟ್ಟಿಲ ಕೂಸನ್ನೂ ಗದರಿಸಿ ಕಲ್ಲು ಮಾಡುತ್ತಾರೆ. ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿ ತೆಗೆಸುವುದೂ ಉಂಟು, ಅವರಷ್ಟು ಚೆನ್ನಾಗಿ ಯಾರೂ ಕೂರುವುದಿಲ್ಲ. ಉಸ್ಮಾನ್ ಸಾಬರು ತಮ್ಮ ಜೀವಮಾನವೆಲ್ಲ ಜನರನ್ನು ಕಲ್ಲು ಮಾಡಿಯೇ ಹೊಟ್ಟೆ ಹೊರೆದವರು. ದಾಸಣ್ಣ ಮೊದಲ ದಾರಕ್ಕೆ ಕಾಲು ತಾಗಿಸಿದ್ದೇ ತಡ, ಸಾಬರ ಬಾಯಿ ತನ್ನಷ್ಟಕ್ಕೆ ಕೂಗಿತು: "ಅಲ್ಲಾಡಬ್ಯಾಡ್ರಿ! ಉಸುರು ಹಿಡೀರಿ!"

ದಾಸಣ್ಣ ಎತ್ತಿದ ಕಾಲು ಎತ್ತಿದಲ್ಲೇ ನಿಂತ.

"ಸಾಬ್ರೇ, ಅಲ್ಲಾಡಬೇಕು! ಅಲ್ಲಾಡಾಕೇ ಬಂದಿರೋದು!" ಮೇಷ್ಟ್ರು ಸೀಟಿ ಊದಿದರು.

"ರೂಢಿ ಬಾಯಿ ಮೇಷ್ಟ್ರೇ, ಏನು ಮಾಡ್ಲಿ," ಅಂದರು ಸಾಬರು. ಎರಡನೇ ದಾರಕ್ಕೂ ಅದೇ ಕೂಗು, ಮೂರಕ್ಕೂ ಅದೇ. ಕೂಗಿದ ಕೂಡಲೇ ದಾಸಣ್ಣ ಕಾಲು ಎತ್ತಿಕೊಂಡು ನಿಂತು ಅಪ್ಪನ ಕಡೆ ನೋಡುವನು. ಅಪ್ಪ "ನಡಿಯೋ!" ಅಂದರೆ ಕಾಲು ಊರುವನು. ಮುಂದಿನ ದಾರ, ಮತ್ತೆ ಅದೇ. ಆರನೇ ದಾರದ ಹೊತ್ತಿಗೆ ಸಾಬರು ತಮ್ಮ ಬಾಯಿಗೆ ತಾವೇ ಟವೆಲ್ ಒತ್ತಿಕೊಂಡಿದ್ದರು. ಆದರೂ ದಾಸಣ್ಣ ನಿಂತ, ಅಪ್ಪನನ್ನು ನೋಡಿದ. ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು ನನಗೆ. ಹೊನ್ನಕ್ಕ ಮಾತ್ರ ನಗಲಿಲ್ಲ. "ಪಾಪ ಅತ್ತೆ," ಅಂದಳು.

ಅವಳ ಸರದಿ ಬಂತು. ಅಣ್ಣ ಚಪ್ಪಲಿ ಜೋಡಿಸಿ ಮುಂದಿಟ್ಟ. ಮೇಷ್ಟ್ರು ಪುಸ್ತಕ ತೆರೆದು ತೋರಿಸಿದರು: "ಇಲ್ನೋಡ್ರಿ, ದೊರೆ ಎಲ್ರನ್ನೂ ಬರಿಗಾಲಲ್ಲಿ ನಡೆಸವನೆ. ಚಪ್ಪಲಿ ಬಿಡಮ್ಮ." ಪುಣ್ಯಕ್ಕೆ ದೊರೆಯನ್ನು ಬರಿಗಾಲಿನವರೆಗೆ ಮಾತ್ರ ಅನುಸರಿಸಿದರು. ಅಣ್ಣ ಆ ಚಪ್ಪಲಿಯನ್ನು ಎದೆಗೆ ಅವಚಿಕೊಂಡು ನೀರಿನ ತೊಟ್ಟಿಯ ಹಿಂದೆ ಹೋಗಿ ಕೂತ, ಕಣ್ಣು ಮುಚ್ಚಿಕೊಂಡ.

ಹೊನ್ನಕ್ಕ ನಡೆದಳು. ಬಿಸಿಲಿಗೆ ನೆಲ ಕಾದಿತ್ತು. ಎಡಕ್ಕೆ ಜೋಲಿ, ನೆಟ್ಟಗೆ, ಎಡಕ್ಕೆ ಜೋಲಿ, ನೆಟ್ಟಗೆ. ಅವಳು ಅದನ್ನು ಒಂಚೂರೂ ಅಡಗಿಸಲಿಲ್ಲ. ಸ್ಕೂಲಿಗೆ ಹೋಗುವ ಹಾಗೇ ತಲೆ ಎತ್ತಿ ನಡೆದಳು. ಈಗ ಸೀಟಿ ಬೀಳುತ್ತದೆ, ಈಗ ಮೇಷ್ಟ್ರು ಬೆತ್ತ ಎತ್ತುತ್ತಾರೆ ಎಂದು ನಾನು ಅವರ ಕಡೆ ತಿರುಗಿದೆ. ಆ ಮಹಾನುಭಾವರು ಅವಳನ್ನು ನೋಡಿಯೇ ಇಲ್ಲ! ಬೆಂಚಿನ ಹಿಂದೆ ಮಂಡಿಯೂರಿ, ಕ್ಯಾಮೆರಾಗಳ ಗುಂಡಿಗೆ ಕಣ್ಣು ನೆಟ್ಟು, "ಮೂರನೇದು ಬಡೀತು, ನಾಲ್ಕನೇದು ಬಡೀತು," ಎಂದು ಎಣಿಸುತ್ತಿದ್ದಾರೆ. ಸಾಬರೋ, ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದಾರೆ.

ಅವಳನ್ನು ನೋಡಿದವನು ಒಬ್ಬನೇ. ಗಾಳಿಗೆ ಹಾರದಂತೆ ಪರದೆ ಹಿಡಿದು ನಿಂತಿದ್ದ ದಾಸಣ್ಣ. ಆರನೇ ದಾರ ಸಡಿಲಾಗಿ ಜೋತುಬಿದ್ದು ಅವಳ ಕಾಲುಂಗುರವಿಲ್ಲದ ಬೆರಳಿಗೆ ಸುತ್ತಿಕೊಂಡಿತು. ಅವನು ಪರದೆ ಬಿಟ್ಟು ಬಂದು, ಕುಕ್ಕರಗಾಲಲ್ಲಿ ಕೂತು, ದಾರ ಬಿಡಿಸಿದ. ಮೇಷ್ಟ್ರು ಬೆಂಚಿನ ಹಿಂದಿನಿಂದ "ಆರನೇದು ಯಾಕೆ ಬಡೀಲಿಲ್ಲ?" ಎಂದು ಗುಡುಗುತ್ತಿದ್ದರು.

"ನಿಧಾನಕ್ಕೆ ಬರ್ರಿ," ಅಂದ ದಾಸಣ್ಣ, ಮೆಲ್ಲಗೆ. "ಕಾಲು ನಾನು ನೋಡ್ದೆ. ನಂಗೇನೂ ಇಲ್ಲ."

ನಾನು ಮೂರು ಮೊಳ ದೂರದಲ್ಲಿದ್ದೆ, ನನ್ನ ಕಿವಿಯಾರೆ ಕೇಳಿದೆ. ಹೊನ್ನಕ್ಕ ಮುಂದಿನ ಹೆಜ್ಜೆ ಇಟ್ಟಾಗ ಅವಳ ಮುಖ ನೋಡಬೇಕಿತ್ತು ನೀವು. ಹುಡುಗನ ಬಗ್ಗೆ ನಾನು ಅಂದುಕೊಂಡಿದ್ದನ್ನೆಲ್ಲ ಅಲ್ಲೇ ವಾಪಸ್ಸು ತೆಗೆದುಕೊಂಡೆ.

ಆಮೇಲಿನ ದಿನಗಳಲ್ಲಿ ಅವಳು ಹಾಡು ಗುನುಗಿಕೊಂಡು ಪಾತ್ರೆ ತೊಳೆದಳಂತೆ. ಅತ್ತಿಗೆ ಹೇಳಿಕಳಿಸಿದ್ದಳು. ನಾನು ರಜೆ ಹಾಕಿ ಭರಮಸಾಗರಕ್ಕೆ ಹೋದರೆ ನನ್ನ ಕೈ ಹಿಡಿದು, "ಅವರು ನಿಜವಾಗ್ಲೂ ಹಂಗೇ ಅಂದ್ರಲ್ವಾ ಅತ್ತೆ?" ಎಂದು ಕೇಳಿದಳು. ಹೌದು ಕಣೇ ಅಂದೆ. ಮರುಗಳಿಗೆ ಮತ್ತೆ ಕೇಳಿದಳು. ಮತ್ತೆ ಹೌದು ಅಂದೆ.

ಮೇಷ್ಟ್ರು ಮಗನ ಸಮೇತ ತೀರ್ಪು ಹೇಳಲು ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಹೊನ್ನಕ್ಕನಿಗೆ ಬೆಳಗಿನ ಸ್ಕೂಲು, ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ಅಣ್ಣ ಬೈಕ್ ಸದ್ದು ಕೇಳಿದವನೇ ಅವಳನ್ನು ಚಾಪೆಗೆ ಒತ್ತಿ ಕೂರಿಸಿದ. ಮೇಷ್ಟ್ರು ಎರಡು ಉದ್ದನೆಯ ರಟ್ಟು ಗೋಡೆಗೆ ಆನಿಸಿಟ್ಟರು. ಒಂದರ ಮೇಲೆ ಹೊನ್ನಕ್ಕನ ಫೋಟೋ ಸಾಲಾಗಿ ಅಂಟಿಸಿದ್ದವು, ಇನ್ನೊಂದರ ಮೇಲೆ ದಾಸಣ್ಣನವು.

"ಕೈವಾರ ಇಟ್ಟು ಅಳೆದೀನಿ, ಸ್ಕೇಲ್ ಇಟ್ಟು ಗೆರೆ ಹೊಡೆದೀನಿ," ಅಂದರು ಮೇಷ್ಟ್ರು. "ಆರನೇದೊಂದು ಬಂದಿಲ್ಲ, ಅದು ದಾರದ ತಪ್ಪು. ಹುಡುಗಿ ನಡಿಗೇಲಿ ಎಳ್ಳಷ್ಟೂ ದೋಷ ಇಲ್ಲ. ವೈಜ್ಞಾನಿಕವಾಗಿ ಸಿದ್ಧ ಆಗೈತೆ."

ಅಣ್ಣ ಕೈ ಮುಗಿದ. ಯಾರಿಗೆ ಮುಗಿದನೋ, ಅಮೆರಿಕದ ದೊರೆಗೇ ಇರಬೇಕು.

ನಾನು ರಟ್ಟಿನ ಹತ್ತಿರ ಹೋಗಿ ನೋಡಿದೆ. ನಿಜ, ಒಂದು ಚಿತ್ರದಲ್ಲೂ ಕುಂಟು ಇರಲಿಲ್ಲ. ಕುಂಟು ಇರುವುದು ಒಂದು ಹೆಜ್ಜೆ ಮುಗಿದು ಇನ್ನೊಂದು ಶುರುವಾಗುವ ನಡುವೆ. ಕ್ಯಾಮೆರಾಗಳು ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹಿಡಿದಿದ್ದವು. ದಾಸಣ್ಣನ ರಟ್ಟೂ ನೋಡಿದೆ. ಎಲ್ಲ ಚಿತ್ರದಲ್ಲೂ ಒಂದು ಕಾಲು ಮೇಲೆ, ಕತ್ತು ಬಲಕ್ಕೆ, ಕಣ್ಣು ಅಪ್ಪನ ಕಡೆ. ಕೊನೆಯದರ ಮೂಲೆಯಲ್ಲಿ ಬೆತ್ತದ ತುದಿಯೂ ಇತ್ತು.

"ಹಂಗಾದ್ರೆ ಒಂದು ಒಳ್ಳೇ ದಿನ ನೋಡಾಣ," ಅಂದ ಅಣ್ಣ.

"ತಡೀರಿ," ಅಂದಳು ಹೊನ್ನಕ್ಕ.

ಅತ್ತಿಗೆ ಅವಳ ಹೆಗಲು ಒತ್ತಿದಳು. ಅವಳು ಆ ಕೈ ತೆಗೆದು ಎದ್ದಳು. ಚಾಪೆಯಿಂದ ಗೋಡೆಯವರೆಗೆ, ಗೋಡೆಯಿಂದ ಮೇಷ್ಟ್ರ ಎದುರಿಗೆ ನಡೆದಳು. ಎಡಕ್ಕೆ ಜೋಲಿ, ನೆಟ್ಟಗೆ. ಎಲ್ಲರೂ ನೋಡಿದರು.

"ನಾನು ನಡೆಯೋದು ಹಿಂಗೆ ಮೇಷ್ಟ್ರೇ. ಚಿಕ್ಕಂದಿನಿಂದ."

ಮೇಷ್ಟ್ರು ಅವಳ ಕಾಲು ನೋಡಿದರು. ರಟ್ಟು ನೋಡಿದರು. ಮತ್ತೆ ಕಾಲು ನೋಡಿದರು. ಮುಖ ಕೆಂಪಗಾಯಿತು. "ಸಾಧ್ಯವಿಲ್ಲ. ಫೋಟೋದಲ್ಲಿ ಇಲ್ಲ!"

"ಕಾಲಲ್ಲಿ ಐತಲ್ರೀ," ಅಂದೆ ನಾನು.

"ಫೋಟೋದಲ್ಲಿ ಇಲ್ಲ ಅಂದ್ಮೇಲೆ ಇಲ್ಲ! ಹುಡುಗಿ ಬೇಕಂತ ಕುಂಟ್ತಾ ಅವಳೆ. ಸಂಬಂಧ ತಪ್ಪಿಸಾಕೆ ನಾಟಕ!" ಬೆತ್ತ ನೆಲಕ್ಕೆ ಬಡಿದರು. "ಏನಮ್ಮ, ಸರಿಯಾಗಿ ನಡಿ! ಎಡ, ಬಲ! ಎಡ, ಬಲ!"

ನನಗೆ ಮೈಯೆಲ್ಲ ಉರಿದುಹೋಯಿತು. ಆ ಬೆತ್ತ ಕಿತ್ತುಕೊಂಡು ಅವರಿಗೇ ಎಡ ಬಲ ಕಲಿಸುತ್ತಿದ್ದೆ. ಹೊನ್ನಕ್ಕ ಕೈ ಅಡ್ಡ ಹಿಡಿದಳು. ಅವಳು ಮೇಷ್ಟ್ರನ್ನು ನೋಡುತ್ತಲೇ ಇರಲಿಲ್ಲ. ದಾಸಣ್ಣನ ಕಡೆ ತಿರುಗಿದ್ದಳು.

"ಅವತ್ತು ನೋಡಿದ್ದು ನೀವೊಬ್ಬರೇ," ಅಂದಳು. "ನಂಗೆ ಹೇಳಿದ್ದನ್ನೇ ನಿಮ್ಮಪ್ಪಂಗೂ ಹೇಳ್ರಿ. ಅಷ್ಟು ಹೇಳಿದ್ರೆ ಸಾಕು ನಂಗೆ."

ದಾಸಣ್ಣ ಎದ್ದ. ದೇವರೇ, ಎದ್ದನಲ್ಲ ಎಂದು ನಾನು ಸೆರಗು ಹಿಡಿದುಕೊಂಡೆ. ಬಲಗಾಲು ಮುಂದೆ ಇಟ್ಟ, ಹಿಮ್ಮಡಿ ಇನ್ನೂ ನೆಲ ಮುಟ್ಟಿರಲಿಲ್ಲ. ಬಾಯಿ ತೆರೆದ. ಹಾಗೇ ನಿಂತ. ಕತ್ತು ಬಲಕ್ಕೆ ತಿರುಗಿತು, ಕಣ್ಣು ಅಪ್ಪನ ಕಡೆ ಹೋಯಿತು.

ಮೇಷ್ಟ್ರು ರಟ್ಟಿನ ಗೆರೆಗಳ ಮೇಲೆ ಬೆರಳಾಡಿಸುತ್ತಿದ್ದರು.

ಹೊನ್ನಕ್ಕ ಕಾದಳು. ಸಾಕಷ್ಟು ಹೊತ್ತು ಕಾದಳು, ಯಾರೂ ಅವಳನ್ನು ಆತುರಗೇಡಿ ಅನ್ನುವ ಹಾಗಿಲ್ಲ. ದೂರದಲ್ಲಿ ಸ್ಕೂಲಿನ ಗಂಟೆ ಹೊಡೆಯಿತು. ಅವಳು ಗೋಡೆಗಾನಿಸಿದ್ದ ರಟ್ಟನ್ನೊಮ್ಮೆ ನೋಡಿ, ನಿಂತಿದ್ದವನನ್ನೊಮ್ಮೆ ನೋಡಿದಳು.

"ನನ್ನ ಫೋಟೋ ಸುಳ್ಳು ಹೇಳ್ತು ಅತ್ತೆ," ಅಂದಳು. "ಇವರದ್ದು ನಿಜಾನೇ ಹೇಳೈತೆ. ನಾನು ಕುಂಟ್ತೀನಿ ಮೇಷ್ಟ್ರೇ, ಆದ್ರೆ ಮುಂದಿನ ಹೆಜ್ಜೆಗೆ ಯಾರ ಮುಖಾನೂ ನೋಡಲ್ಲ. ಈ ಸಂಬಂಧ ನಂಗೆ ಬ್ಯಾಡ."

ಚೀಲ ಸರಿಮಾಡಿಕೊಂಡು ಹೊಸಿಲು ದಾಟಿದಳು. ಅಣ್ಣ "ಲೇ ಹೊನ್ನಿ, ಲೇ!" ಎಂದು ದಪ್ಪ ಅಟ್ಟೆಯ ಚಪ್ಪಲಿ ಹಿಡಿದು ಬಾಗಿಲವರೆಗೆ ಓಡಿದ. ಅವಳು ತಿರುಗಲಿಲ್ಲ. ಕಿಟಕಿಯಿಂದ ನೋಡಿದೆ. ಬೀದಿ ತಿರುವಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ನಡೆದಳು. ಬೀದಿಯ ತುಂಬ ಎಡಕ್ಕೆ ಜೋಲಿ ಹೊಡೆಯುತ್ತ ಹೋದಳು ನನ್ನ ಸೊಸೆ. ಅವಳ ಹಿಂದೆ ತಡವಾಗಿ ಹೊರಟ ಮಕ್ಕಳೆರಡು, ಅವೂ ಹಾಗೇ.

ಒಳಗೆ ತಿರುಗಿದರೆ ಮೇಷ್ಟ್ರು ಪುಸ್ತಕ ಕೆಂಪು ವಸ್ತ್ರಕ್ಕೆ ಸುತ್ತುತ್ತಿದ್ದರು, ಗಂಟು ಕೈಗೆ ಹತ್ತುತ್ತಿರಲಿಲ್ಲ. ದಾಸಣ್ಣ ಇನ್ನೂ ಅಲ್ಲೇ ನಿಂತಿದ್ದ, ಹಿಮ್ಮಡಿ ನೆಲಕ್ಕೆ ಊರದೆ. ಎಷ್ಟಾದರೂ ಯಾರೋ ಹೆತ್ತ ಮಗ, ಚಾಪೆಯನ್ನು ಅವನ ಕಡೆ ಸರಿಸಿದೆ.

"ಕುಂತ್ಕಳಪ್ಪ," ಅಂದೆ, "ಕಾಲು ನೋಯ್ತದೆ."

ಅವನು ಕೂರಲೋ ಬೇಡವೋ ಎಂದು ಅಪ್ಪನ ಮುಖ ನೋಡಿದ.